ಬೆಂಗಳೂರಿನ ಹಸಿರನ್ನು ಉಪಗ್ರಹ ಚಿತ್ರದಲ್ಲಿ ಅಳೆಯುವ ಕೆಲಸ: ತಿಂಗಳು, ಗಡಿ, ಗುಂಟೆ

ಬೆಂಗಳೂರಿನ ಎರಡು ಉಪಗ್ರಹ ಚಿತ್ರಗಳನ್ನು ತೆಗೆದುಕೊಂಡು, ಒಂದರಿಂದ ಇನ್ನೊಂದನ್ನು ಕಳೆದು, ‘ಇಷ್ಟು ಹೆಕ್ಟೇರ್ ಹಸಿರು ಹೋಯಿತು’ ಎಂದು ಹೇಳುವುದು ಈಗ ಅರ್ಧ ಗಂಟೆಯ ಕೆಲಸ. ಹಾಗೆ ಸಿಕ್ಕ ಸಂಖ್ಯೆಯನ್ನು ನಂಬುವುದು ಕಷ್ಟ. ಚಿತ್ರ ಯಾವ ತಿಂಗಳದ್ದು, ಅದರ ಹಿಂದಿನ ವರ್ಷ ಮಳೆ ಹೇಗಿತ್ತು, ಊರಿನ ಗಡಿಯನ್ನು ಎಲ್ಲಿ ಎಳೆದರು, ಕೆರೆಯ ಮೇಲೆ ಹಬ್ಬಿದ ಜೊಂಡು ಹಸಿರಿನ ಲೆಕ್ಕಕ್ಕೆ ಸೇರಿತೋ ಇಲ್ಲವೋ, ಈ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ನಿಜವಾಗಿ ಕಡಿದ ಮರಗಳಿಗಿಂತ ದೊಡ್ಡ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ಮರ ಉಳಿಸಲು ಹೊರಟವರ ಕೈಯಲ್ಲಿ ಇಂಥ ಸಂಖ್ಯೆ ಇದ್ದರೆ ಎದುರು ಪಕ್ಷದ ವಕೀಲರು ಒಂದೇ ಪ್ರಶ್ನೆಯಲ್ಲಿ ಅದನ್ನು ಬೀಳಿಸುತ್ತಾರೆ. ಹಾಗಾಗಬಾರದು ಎಂಬ ಕಾಳಜಿಯಿಂದ ಈ ಬರಹ. ಉದಾಹರಣೆಗಳೆಲ್ಲ ಬೆಂಗಳೂರಿನವು, ವಿಧಾನ ಮೈಸೂರಿಗೂ ಹುಬ್ಬಳ್ಳಿಗೂ ಅದೇ.

ಮೊದಲು ‘ಹಸಿರು’ ಎಂದರೆ ಏನನ್ನು ಲೆಕ್ಕ ಹಾಕುತ್ತೀರಿ ಎಂದು ಬರೆದಿಡಿ. 1973ರಲ್ಲಿ ಬೃಹತ್ ಬೆಂಗಳೂರಿನ ಪ್ರದೇಶದಲ್ಲಿ ನೂರಕ್ಕೆ ಸುಮಾರು 68ರಷ್ಟು ಸಸ್ಯ ಹೊದಿಕೆ ಇತ್ತೆಂಬ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಂಕಿ ಎಲ್ಲ ಕಡೆ ಓಡಾಡುತ್ತದೆ. ಅದನ್ನು ಉಲ್ಲೇಖಿಸುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ: ಆ ಪ್ರದೇಶದ ಬಹುಪಾಲು ಆಗ ಊರೇ ಆಗಿರಲಿಲ್ಲ, ಹಳ್ಳಿಗಳ ಹೊಲ, ತೋಪು, ಗೋಮಾಳವಾಗಿತ್ತು. ರಾಗಿ ಹೊಲ ಬಡಾವಣೆಯಾದದ್ದು, ಮಲ್ಲೇಶ್ವರದ ಸಾಲುಮರ ಕಡಿದದ್ದು, ಎರಡೂ ನಷ್ಟವೇ. ಆದರೆ ಅವು ಬೇರೆ ಬೇರೆ ನಷ್ಟ. ಬೆಳೆ, ಹುಲ್ಲು, ಕೆರೆಯ ಕಳೆ, ನೀಲಗಿರಿ ತೋಪು, ನೆರಳು ಕೊಡುವ ಮರ ಇವನ್ನೆಲ್ಲ ಒಂದೇ ಬಣ್ಣದಲ್ಲಿ ತುಂಬಿದ ನಕ್ಷೆಯಿಂದ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಲಾಗದು. ಇಲ್ಲಿ ಮುಂದೆ ಹೇಳುವುದೆಲ್ಲ ಮರದ ಹರವನ್ನು ಅಳೆಯುವುದಕ್ಕೆ.

ಯಾವ ತಿಂಗಳು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ನಿರ್ಧಾರ ಇದು. ಜೂನ್‌ನಿಂದ ನವೆಂಬರ್‌ವರೆಗೆ ನಮ್ಮ ಆಕಾಶದಲ್ಲಿ ಮೋಡ. ಮೋಡವಿಲ್ಲದ ಒಂದೆರಡು ಚಿತ್ರ ಸಿಕ್ಕರೂ ಖಾಲಿ ಸೈಟಿನ ಪಾರ್ಥೇನಿಯಂ, ರಸ್ತೆ ಪಕ್ಕದ ಹುಲ್ಲು, ಹೊರವಲಯದ ರಾಗಿ ಎಲ್ಲವೂ ಅದರಲ್ಲಿ ಮರದಷ್ಟೇ ಹಸಿರಾಗಿರುತ್ತವೆ. ಡಿಸೆಂಬರ್ ಹೊತ್ತಿಗೆ ರಾಗಿ ಕೊಯ್ಲು ಮುಗಿಯುತ್ತದೆ, ಜನವರಿಯಲ್ಲಿ ಹುಲ್ಲು ಒಣಗುತ್ತದೆ. ಜನವರಿ 15ರಿಂದ ಮಾರ್ಚ್ 15ರವರೆಗಿನ ಎರಡು ತಿಂಗಳಲ್ಲಿ ಹಸಿರಾಗಿ ಉಳಿಯುವುದು ಹೆಚ್ಚಾಗಿ ಬೇರು ಆಳಕ್ಕಿಳಿದ ಮರಗಳು ಮತ್ತು ನೀರು ಹಾಯಿಸಿದ ಜಾಗಗಳು. ಏಪ್ರಿಲ್‌ಗೆ ಮುಂಗಾರುಪೂರ್ವ ಮಳೆ ಬಿದ್ದು ಹುಲ್ಲು ಮತ್ತೆ ಚಿಗುರುತ್ತದೆ. ಅದಕ್ಕೆ ಮೊದಲೇ ನಿಲ್ಲಿಸಬೇಕು.

ಇದರಲ್ಲೊಂದು ತೊಡಕಿದೆ. ಬೆಂಗಳೂರಿನ ಸಾಲುಮರಗಳಲ್ಲಿ ಹಲವು ಇದೇ ತಿಂಗಳುಗಳಲ್ಲಿ ಎಲೆ ಉದುರಿಸುತ್ತವೆ. ಹೊಂಗೆ ಕೆಲವು ವಾರ ಬೋಳಾಗಿ ಮತ್ತೆ ಚಿಗುರುತ್ತದೆ, ಗುಲಾಬಿ ತಬೇಬುಯಾ ಎಲೆಯಿಲ್ಲದೆ ಹೂ ಬಿಡುತ್ತದೆ, ಜಕರಾಂಡವೂ ಹಾಗೆಯೇ. ಒಂದೇ ದಿನದ ಚಿತ್ರ ತೆಗೆದುಕೊಂಡರೆ ಆ ದಿನ ಬೋಳಾಗಿದ್ದ ಮರ ಕಡಿದ ಮರದಂತೆ ಕಾಣುತ್ತದೆ. ಅದಕ್ಕೇ ಎರಡು ತಿಂಗಳ ಎಲ್ಲ ಚಿತ್ರಗಳನ್ನೂ ಸೇರಿಸಿ, ಪ್ರತಿ ಪಿಕ್ಸೆಲ್‌ಗೂ, ಅಂದರೆ ಚಿತ್ರದ ಪ್ರತಿ ಚಿಕ್ಕ ಚೌಕಕ್ಕೂ, ಹಸಿರು ಸೂಚ್ಯಂಕದ (ಎಲೆ ಹೆಚ್ಚಿದಷ್ಟೂ ಏರುವ ಎನ್‌ಡಿವಿಐ ಎಂಬ ಅಂಕಿಯ) 75ನೇ ಪರ್ಸೆಂಟೈಲ್, ಅಂದರೆ ನೂರಕ್ಕೆ 75 ಓದುಗಳು ಅದಕ್ಕಿಂತ ಕೆಳಗಿರುವ ಮೌಲ್ಯ ತೆಗೆಯುವುದು ಒಳ್ಳೆಯದು. ಮೋಡ ಮತ್ತು ಮಬ್ಬು ಮರಗಳ ಹಸಿರು ಸೂಚ್ಯಂಕವನ್ನು ಸಾಮಾನ್ಯವಾಗಿ ಕೆಳಕ್ಕೇ ಎಳೆಯುವುದರಿಂದ ಮೇಲಿನ ಪರ್ಸೆಂಟೈಲ್ ಸುರಕ್ಷಿತ. ಎಲೆ ತುಂಬಿದ ದಿನಗಳನ್ನೂ ಅದು ಹಿಡಿಯುತ್ತದೆ. ಗರಿಷ್ಠ ಮೌಲ್ಯಕ್ಕೆ ಹೋಗಬೇಡಿ, ಒಂದು ಕೆಟ್ಟ ಓದು ಸಾಕು ದಿಕ್ಕು ತಪ್ಪಿಸಲು.

ಒಂದು ವರ್ಷ ನೋಡಿದರೂ ಸಾಲದು. 2022ರಲ್ಲಿ ಬೆಂಗಳೂರಿಗೆ ಭಾರಿ ಮಳೆ, 2023ರಲ್ಲಿ ಬರ, 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಟ. 2023ರ ಫೆಬ್ರವರಿಯನ್ನು 2024ರ ಫೆಬ್ರವರಿಯ ಜೊತೆ ಹೋಲಿಸಿದರೆ ಸಿಗುವ ‘ಹಸಿರು ನಷ್ಟ’ದಲ್ಲಿ ದೊಡ್ಡ ಪಾಲು ಒಣಗಿದ ಹುಲ್ಲಿನದೇ. ಮೂರು ಬೇಸಿಗೆಗಳನ್ನು, ಅಂದರೆ ಮೂರು ವರ್ಷಗಳ ಇದೇ ಎರಡು ತಿಂಗಳುಗಳನ್ನು ಒಟ್ಟುಗೂಡಿಸಿ: 2019–21 ಒಂದು ಅವಧಿ, 2023–25 ಇನ್ನೊಂದು.

ಗಡಿ

2007ರಲ್ಲಿ ಮಹಾನಗರ ಪಾಲಿಕೆ ಬಿಬಿಎಂಪಿಯಾದಾಗ ವ್ಯಾಪ್ತಿ ಸುಮಾರು 225 ಚದರ ಕಿಲೋಮೀಟರ್‌ನಿಂದ 700ಕ್ಕೂ ಮೇಲೆ ಹೋಯಿತು. ವಾರ್ಡ್‌ಗಳು 198 ಇದ್ದದ್ದು 243 ಆಗಿ, ಮತ್ತೆ 225 ಆದವು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಆಯಾ ವರ್ಷದ ಗಡಿಯನ್ನೇ ಹಿಡಿದು ಹೋದರೆ ಅಳೆದದ್ದು ಆಡಳಿತದ ಬದಲಾವಣೆಯೇ ಹೊರತು ಹಸಿರಿನದಲ್ಲ. ಒಂದೇ ಗಡಿಯ ಕಡತವನ್ನು ಆರಿಸಿ ಎಲ್ಲ ವರ್ಷಕ್ಕೂ ಅದನ್ನೇ ಬಳಸಿ. ಒಳಗಿನ ವಿಂಗಡಣೆಗೆ ವಾರ್ಡ್ ಬದಲು 500 ಮೀಟರ್‌ನ ಷಟ್ಕೋನಗಳ ಜಾಲ ಹಾಕಿಕೊಳ್ಳಿ. ಯಾವ ವಾರ್ಡ್ ಮರುವಿಂಗಡಣೆಯೂ ಅದನ್ನು ಅಲುಗಾಡಿಸುವುದಿಲ್ಲ.

ಪಿಕ್ಸೆಲ್ ಎಂದರೆ ಎಷ್ಟು ಜಾಗ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಕೆಂಪು ಮತ್ತು (ಕಣ್ಣಿಗೆ ಕಾಣದ) ನಿಯರ್ ಇನ್‌ಫ್ರಾರೆಡ್ ಬೆಳಕಿನ ಪದರಗಳ, ಅಂದರೆ ಬ್ಯಾಂಡ್‌ಗಳ, ಒಂದು ಪಿಕ್ಸೆಲ್ 10 ಮೀಟರ್‌ಗೆ 10 ಮೀಟರ್, ಅಂದರೆ 100 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರ್, 30×40 ಸೈಟು 111. ಹಾಗಾಗಿ ಒಂದು ಪಿಕ್ಸೆಲ್ ಹೆಚ್ಚುಕಡಿಮೆ ಒಂದು ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ 30 ಮೀಟರ್ ಪಿಕ್ಸೆಲ್ ಒಂಬತ್ತು ಗುಂಟೆ. ಎಂಟು ಮೀಟರ್ ಹರವಿನ ಹೊಂಗೆ ಮರ ಮುಚ್ಚುವುದು 50 ಚದರ ಮೀಟರ್, ಅಂದರೆ ಸೆಂಟಿನೆಲ್ ಪಿಕ್ಸೆಲ್‌ನ ಅರ್ಧ, ಲ್ಯಾಂಡ್‌ಸ್ಯಾಟ್ ಪಿಕ್ಸೆಲ್‌ನ ನೂರಕ್ಕೆ ಐದೂವರೆ ಪಾಲು. ಆ ಒಂದು ಮರ ಹೋದರೆ ಲ್ಯಾಂಡ್‌ಸ್ಯಾಟ್‌ಗೆ ಗೊತ್ತಾಗುವುದೇ ಇಲ್ಲ. ಸೆಂಟಿನೆಲ್‌ನಲ್ಲೂ ಮರ ಎರಡು ಮೂರು ಪಿಕ್ಸೆಲ್‌ಗೆ ಹಂಚಿಹೋಗಿದ್ದರೆ ಗೊತ್ತಾಗುವುದು ಅನುಮಾನ. 20 ಮೀಟರ್ ಹರವಿನ ಮಳೆಮರ 314 ಚದರ ಮೀಟರ್, ಅದು ಹೋದರೆ ಸೆಂಟಿನೆಲ್‌ಗೆ ಕಾಣುತ್ತದೆ. ಇಸ್ರೋದ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಲಿಸ್-4 ಕ್ಯಾಮೆರಾದ ಪಿಕ್ಸೆಲ್ 5.8 ಮೀಟರ್, ಭೂನಿಧಿ ಜಾಲತಾಣದಲ್ಲಿ ಹುಡುಕಿ ನೋಡಬಹುದು, ಆದರೆ ಸೆಂಟಿನೆಲ್‌ನಷ್ಟು ಪದೇಪದೇ ಚಿತ್ರ ಸಿಗುವುದಿಲ್ಲ.

ಕೆಲಸದ ಕ್ರಮ

ಉಪಗ್ರಹ ಚಿತ್ರಗಳನ್ನು ಅಂತರ್ಜಾಲದಲ್ಲೇ ಲೆಕ್ಕ ಹಾಕುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಮಾಡುವುದು ಸುಲಭ, ಚಿತ್ರಗಳನ್ನು ಇಳಿಸಿಕೊಳ್ಳುವ ಗೋಜಿಲ್ಲ. ಗಡಿಯ ಶೇಪ್‌ಫೈಲ್ (ನಕ್ಷೆಯ ಗೆರೆಗಳಿರುವ ಕಡತ) ಅನ್ನು ಜಿಪ್ ಮಾಡಿ ಏರಿಸಿ. ಚಿತ್ರಸಂಗ್ರಹಕ್ಕೆ ಸೆಂಟಿನೆಲ್-2 ಸರ್ಫೇಸ್ ರಿಫ್ಲೆಕ್ಟೆನ್ಸ್‌ನ ‘ಹಾರ್ಮನೈಸ್ಡ್’ ಆವೃತ್ತಿಯನ್ನೇ ಆರಿಸಿ. ಬೆಂಗಳೂರು 43ಪಿಜಿಕ್ಯೂ ಎಂಬ ಒಂದೇ ಟೈಲ್‌ನಲ್ಲಿ (ಚಿತ್ರಗಳನ್ನು ಹಂಚಿಟ್ಟ ಚೌಕದಲ್ಲಿ) ಬರುತ್ತದೆ.

‘ಹಾರ್ಮನೈಸ್ಡ್’ ಯಾಕೆ ಎಂಬುದನ್ನು ತಿಳಿದಿರಬೇಕು. 2022ರ ಜನವರಿ 25ರಿಂದ ಸೆಂಟಿನೆಲ್-2ರ ಅಂಕಿಗಳಿಗೆ 1000 ಕೂಡಿಸಿ ಕೊಡುವ ಪದ್ಧತಿ ಬಂತು. ಎಲೆ ತುಂಬಿದ ಮರವೊಂದರ ಕೆಂಪು 500, ನಿಯರ್ ಇನ್‌ಫ್ರಾರೆಡ್ 3000 ಎಂದಿಟ್ಟುಕೊಳ್ಳಿ. ಎನ್‌ಡಿವಿಐ ಎಂದರೆ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸುವುದು: 2500 ÷ 3500 = 0.71. ಅದೇ ಮರಕ್ಕೆ ಎರಡೂ ಬ್ಯಾಂಡ್‌ಗಳಲ್ಲಿ 1000 ಸೇರಿಕೊಂಡರೆ 2500 ÷ 5500 = 0.45. ಮರ ನಿಂತಲ್ಲೇ ಇದೆ, ಸೂಚ್ಯಂಕ ಮಾತ್ರ ಕುಸಿದಿದೆ. ಹಳೆಯ ಸಂಗ್ರಹ ಬಳಸಿದವರ ನಕ್ಷೆಯಲ್ಲಿ 2022ರ ನಂತರ ಇಡೀ ಊರು ಬೋಳಾಗುವುದು ಇದರಿಂದಲೇ; ‘ಹಾರ್ಮನೈಸ್ಡ್’ ಆವೃತ್ತಿ ಆ 1000ವನ್ನು ಕಳೆದೇ ಕೊಡುತ್ತದೆ. ಲ್ಯಾಂಡ್‌ಸ್ಯಾಟ್ ಕಲೆಕ್ಷನ್-2ರಲ್ಲೂ ಇಂಥದೇ ಹೊಂಡ ಇದೆ: ಪ್ರತಿ ಅಂಕಿಯನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು. ಮರೆತರೆ 0.71 ಆಗಬೇಕಾದದ್ದು 0.33 ಆಗುತ್ತದೆ.

ಮೋಡ ತೆಗೆಯಲು, ಪ್ರತಿ ಪಿಕ್ಸೆಲ್ ಮೋಡವೋ ನೆಲವೋ ಎಂದು ವಿಂಗಡಿಸಿ ಕೊಡುವ ಎಸ್‌ಸಿಎಲ್ ಬ್ಯಾಂಡ್‌ನ 3, 8, 9, 10ನೇ ವರ್ಗಗಳನ್ನು ಬಿಡಬಹುದು, ಇಲ್ಲವೇ ಪಿಕ್ಸೆಲ್ ಎಷ್ಟು ಸ್ವಚ್ಛ ಎಂದು ಅಂಕ ಕೊಡುವ ಕ್ಲೌಡ್ ಸ್ಕೋರ್ ಪ್ಲಸ್‌ನಲ್ಲಿ 0.60ರ ಮೇಲಿನದನ್ನು ಮಾತ್ರ ಇಟ್ಟುಕೊಳ್ಳಬಹುದು. ನಾನು ಎರಡನೆಯದನ್ನು ಶಿಫಾರಸು ಮಾಡುತ್ತೇನೆ. ಎಸ್‌ಸಿಎಲ್ ಬಿಳಿ ಶೀಟ್ ಛಾವಣಿಗಳನ್ನು ಮೋಡವೆಂದುಕೊಳ್ಳುವುದುಂಟು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ದೊಡ್ಡ ಶೆಡ್‌ಗಳು ಲೆಕ್ಕದಿಂದಲೇ ಮಾಯವಾಗುತ್ತವೆ. ಹಸಿರಲ್ಲದ ಜಾಗ ಒಟ್ಟು ವಿಸ್ತೀರ್ಣದಿಂದ ಬಿದ್ದುಹೋದರೆ ಹಸಿರಿನ ಶೇಕಡಾವಾರು ತಾನಾಗಿ ಏರುತ್ತದೆ. ಪ್ರತಿ ಪಿಕ್ಸೆಲ್‌ಗೆ ಎಷ್ಟು ಸ್ವಚ್ಛ ಓದು ಸಿಕ್ಕಿದೆ ಎಂಬ ನಕ್ಷೆಯನ್ನು ಒಮ್ಮೆ ತೆರೆದು ನೋಡಿ. ಐದು ದಿನಕ್ಕೊಂದರಂತೆ ಎರಡು ತಿಂಗಳಿಗೆ ಸುಮಾರು 12 ಚಿತ್ರ, ಮೂರು ಬೇಸಿಗೆಗೆ 36. ಎಲ್ಲೋ ಒಂದು ಕಡೆ ಹತ್ತಕ್ಕಿಂತ ಕಡಿಮೆ ಇದ್ದರೆ ಆ ಜಾಗವನ್ನು ಗುರುತು ಹಾಕಿಡಿ.

ನಂತರ ಪ್ರತಿ ಚಿತ್ರಕ್ಕೂ ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ ಬಿ8 ಮತ್ತು ಕೆಂಪು ಬ್ಯಾಂಡ್ ಬಿ4ರಿಂದ ಎನ್‌ಡಿವಿಐ, ಅದರ 75ನೇ ಪರ್ಸೆಂಟೈಲ್, ಎರಡು ಅವಧಿಗೆ ಎರಡು ನಕ್ಷೆ. ಬೇಸಿಗೆಯಲ್ಲಿ ರಸ್ತೆ, ಛಾವಣಿಗಳು ಸುಮಾರು 0.05ರಿಂದ 0.15ರಲ್ಲಿ ಇರುತ್ತವೆ, ಒಣಹುಲ್ಲು 0.2–0.3, ಮನೆಗಳ ನಡುವಿನ ಸಾಲುಮರ 0.3–0.5, ಲಾಲ್‌ಬಾಗ್‌ನಂಥ ದಟ್ಟ ಮರಗಳು 0.6ರ ಮೇಲೆ. ಈ ಅಂಕಿಗಳನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ನಿಮ್ಮ ಪ್ರದೇಶದೊಳಗೆ 200 ಬಿಂದುಗಳನ್ನು ಯಾದೃಚ್ಛಿಕವಾಗಿ ಹಾಕಿ, ಗೂಗಲ್ ಅರ್ಥ್ ಪ್ರೋದಲ್ಲಿ ಅದೇ ವರ್ಷದ ಸ್ಪಷ್ಟ ಚಿತ್ರ ನೋಡಿ ಮರವೋ ಅಲ್ಲವೋ ಬರೆದುಕೊಳ್ಳಿ. ಮರವನ್ನು ಬಿಟ್ಟುಬಿಡುವುದು, ಮರವಲ್ಲದ್ದನ್ನು ಮರವೆನ್ನುವುದು, ಈ ಎರಡೂ ಬಗೆಯ ತಪ್ಪು ಸರಿಸುಮಾರು ಸಮವಾಗುವ ಎನ್‌ಡಿವಿಐ ಮೌಲ್ಯವೇ ನಿಮ್ಮ ಮಿತಿ. ಬೆಂಗಳೂರಿನ ಬೇಸಿಗೆಯಲ್ಲಿ ಅದು ಸಾಮಾನ್ಯವಾಗಿ 0.4ರ ಆಸುಪಾಸು ಬಂದು ನಿಲ್ಲುತ್ತದೆ.

ಬದಲಾವಣೆಗೆ ಒಂದೇ ಮಿತಿ ಇಟ್ಟರೆ 0.41 ಇದ್ದದ್ದು 0.39 ಆದರೂ ‘ನಷ್ಟ’ ಎನಿಸಿಕೊಳ್ಳುತ್ತದೆ. ಮೊದಲು 0.45ಕ್ಕಿಂತ ಮೇಲಿದ್ದು ಆಮೇಲೆ 0.30ಕ್ಕಿಂತ ಕೆಳಗಿಳಿದರೆ ಮಾತ್ರ ನಷ್ಟ, ಇದರ ತಿರುಗುಮುರುಗು ಆದರೆ ಗಳಿಕೆ, ನಡುವಿನದು ಅನಿಶ್ಚಿತ ಎಂದು ಬೇರೆಯಾಗಿಡಿ. ಜೊತೆಗೆ ಐದು ಪಿಕ್ಸೆಲ್‌ಗಿಂತ ಚಿಕ್ಕ ತೇಪೆಗಳನ್ನು ತೆಗೆದುಹಾಕಿ. ಹಳೆಯ ಸೆಂಟಿನೆಲ್ ಚಿತ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವುದಿಲ್ಲ, ಒಂದು ಪಿಕ್ಸೆಲ್‌ನಷ್ಟು ಸರಿದಿರುತ್ತವೆ. ಉದ್ಯಾನದ ಅಂಚಿನುದ್ದಕ್ಕೂ ಕಾಣುವ ತೆಳು ಗೆರೆಯಂಥ ‘ನಷ್ಟ’ ಅಲ್ಲಿಂದ ಬಂದದ್ದು.

ಕೊನೆಗೆ ವಿಸ್ತೀರ್ಣ. ಇಲ್ಲಿ ಸದ್ದಿಲ್ಲದೆ ಆಗುವ ತಪ್ಪುಗಳು ಮೂರು. ಅರ್ಥ್ ಎಂಜಿನ್‌ನಲ್ಲಿ ಹಲವು ಚಿತ್ರ ಸೇರಿಸಿ ಮಾಡಿದ ನಕ್ಷೆಗೆ ತನ್ನದೇ ಅಳತೆ ಇರುವುದಿಲ್ಲ, ಒಂದು ಪಿಕ್ಸೆಲ್ ಎಂದರೆ ಒಂದು ಡಿಗ್ರಿ ಎಂದುಕೊಳ್ಳುತ್ತದೆ. ‘ಸ್ಕೇಲ್’ ಜಾಗದಲ್ಲಿ 10 ಎಂದು ನೀವೇ ಬರೆಯಬೇಕು. ‘ಬೆಸ್ಟ್ ಎಫರ್ಟ್’ ಆಯ್ಕೆಯನ್ನು ಹಾಕಿದರೆ ಲೆಕ್ಕ ದೊಡ್ಡದಾದಾಗ ಅದು ಹೇಳದೆ ಕೇಳದೆ ಪಿಕ್ಸೆಲ್ ಹಿಗ್ಗಿಸುತ್ತದೆ. ಅದನ್ನು ಬಿಟ್ಟು ‘ಮ್ಯಾಕ್ಸ್ ಪಿಕ್ಸೆಲ್ಸ್’ ಸಂಖ್ಯೆಯನ್ನು ಏರಿಸಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಮಾಡುವವರು ಹಿನ್ನೆಲೆ ನಕ್ಷೆಯ ವೆಬ್ ಮರ್ಕೇಟರ್ ಪ್ರೊಜೆಕ್ಷನ್‌ನಲ್ಲೇ ಚದರಳತೆ ತೆಗೆದರೆ 13 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ನೂರಕ್ಕೆ ಐದರಷ್ಟು ಹೆಚ್ಚು ಬರುತ್ತದೆ. ಯುಟಿಎಂ ವಲಯ 43 ಉತ್ತರಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿಕೊಂಡು ಅಳೆಯಿರಿ.

ಹಸಿರಾಗಿ ಕಂಡರೂ ಮರವಲ್ಲದ್ದು, ಮರವಾದರೂ ಕಾಣದ್ದು

ಬೆಳ್ಳಂದೂರು ಕೆರೆ ಸುಮಾರು 900 ಎಕರೆ. ಅದರ ಮೇಲೆ ವಾಟರ್ ಹಯಸಿಂತ್ ಹಬ್ಬಿದಾಗ ಎನ್‌ಡಿವಿಐ ಒಳ್ಳೆಯ ಕಾಡಿನಷ್ಟು ಬರುತ್ತದೆ. ಕೆರೆ ಹೂಳೆತ್ತಿ ಕಳೆ ತೆಗೆದರೆ ನಕ್ಷೆ ಅದನ್ನು ನೂರಾರು ಎಕರೆ ಹಸಿರು ನಷ್ಟವೆಂದು ತೋರಿಸುತ್ತದೆ. ಕೆರೆಗೆ ಆದ ಒಳಿತು ನಷ್ಟದ ಪಟ್ಟಿಗೆ ಸೇರುವುದು ಅನ್ಯಾಯ. ವರ್ತೂರು, ಅಗರ, ಹೆಬ್ಬಾಳ ಸೇರಿ ಎಲ್ಲ ಕೆರೆಗಳ ಅಂಗಳದ ಗಡಿಯನ್ನು ಮೊದಲೇ ಕತ್ತರಿಸಿ ಬೇರೆ ಕೋಷ್ಟಕದಲ್ಲಿ ಇಡಿ.

ಆನೇಕಲ್, ಹೊಸಕೋಟೆ ಕಡೆ ಬೋರ್‌ವೆಲ್ ನೀರಿನ ತರಕಾರಿ, ದ್ರಾಕ್ಷಿ, ಹಿಪ್ಪುನೇರಳೆ ಫೆಬ್ರವರಿಯಲ್ಲೂ ಹಸಿರು. ಇವನ್ನು ಬೇರ್ಪಡಿಸಲು ಹಲವು ತಿಂಗಳ ಏರಿಳಿತ ನೋಡಬೇಕು: ಬೆಳೆಯ ಜಾಗ ಕೊಯ್ಲಿನ ನಂತರ ಒಮ್ಮೆಯಾದರೂ 0.25ರ ಹತ್ತಿರ ಇಳಿಯುತ್ತದೆ, ದಟ್ಟ ಮರಗಳಿರುವ ಜಾಗ ಇಳಿಯುವುದು ಕಡಿಮೆ. ಮಳೆಗಾಲದ ಉಳಿಕೆ ಮೋಡವೂ ಹೀಗೇ ಇಳಿಸುವುದರಿಂದ ಡಿಸೆಂಬರ್‌ನಿಂದ ಮೇವರೆಗಿನ ಚಿತ್ರಗಳನ್ನಷ್ಟೇ ಇದಕ್ಕೆ ಬಳಸಿ. ನೀಲಗಿರಿ ತೋಪುಗಳದ್ದು ಇನ್ನೊಂದು ಬಗೆ: ಕಡಿದ ಮೇಲೆ ಬುಡದಿಂದ ಚಿಗುರಿ ಎರಡು ಮೂರು ವರ್ಷದಲ್ಲಿ ಮತ್ತೆ ಹಸಿರು ತೋರಿಸುತ್ತವೆ. ಹೊರವಲಯದಲ್ಲಿ ದೊಡ್ಡ ಚೌಕ ನಷ್ಟ ಕಂಡರೆ ವರ್ಷವಾರು ಸರಣಿ ತೆಗೆದು ನೋಡದೆ ಬಡಾವಣೆ ಎಂದು ತೀರ್ಮಾನಿಸಬೇಡಿ.

ನೆರಳು ಇದರ ವಿರುದ್ಧ ದಿಕ್ಕಿನ ತೊಂದರೆ. ಸೆಂಟಿನೆಲ್ ಇಲ್ಲಿ ಹಾದುಹೋಗುವುದು ಬೆಳಗ್ಗೆ ಹನ್ನೊಂದರ ಒಳಗೆ. ಜನವರಿ ಕೊನೆಯಲ್ಲಿ ಆ ಹೊತ್ತಿಗೆ ಸೂರ್ಯ ಸುಮಾರು 50 ಡಿಗ್ರಿ ಎತ್ತರದಲ್ಲಿ, ಆಗ್ನೇಯಕ್ಕೆ. 40 ಮೀಟರ್ ಎತ್ತರದ ಅಪಾರ್ಟ್‌ಮೆಂಟ್ ವಾಯವ್ಯಕ್ಕೆ 30 ಮೀಟರ್‌ಗೂ ಮೀರಿ ನೆರಳು ಚೆಲ್ಲುತ್ತದೆ, ಅಂದರೆ ಮೂರು ಪಿಕ್ಸೆಲ್. ಆ ನೆರಳಲ್ಲಿರುವ ಮರದ ಓದು ಕೆಡುತ್ತದೆ. ಎರಡು ಅವಧಿಯ ನಡುವೆ ಹೊಸ ಕಟ್ಟಡ ಎದ್ದಿದ್ದರೆ ಅದರ ವಾಯವ್ಯ ಬದಿಯ ನಷ್ಟದ ತೇಪೆಗಳನ್ನು ಒಂದೊಂದಾಗಿ ನೋಡಿ. ಕೃತಕ ಹುಲ್ಲಿನ ಫುಟ್‌ಬಾಲ್ ಅಂಗಳಗಳು ಮಾತ್ರ ತೊಂದರೆ ಕೊಡುವುದಿಲ್ಲ. ಕಣ್ಣಿಗೆ ಹಸಿರಾದರೂ ನಿಯರ್ ಇನ್‌ಫ್ರಾರೆಡ್‌ನಲ್ಲಿ ಪ್ಲಾಸ್ಟಿಕ್ ಎಲೆಯಂತೆ ವರ್ತಿಸುವುದಿಲ್ಲ.

ನಕ್ಷೆ ಸಿದ್ಧವಾದ ಕೂಡಲೇ ಲಾಲ್‌ಬಾಗ್ ನೋಡಿ. ಅಲ್ಲಿನ ಬಂಡೆ ಹಸಿರಿನ ನಡುವೆ ಖಾಲಿಯಾಗಿ ಕಾಣಬೇಕು, ಕೆರೆ ಬೇರೆಯಾಗಿ ಕಾಣಬೇಕು, ಸುತ್ತಲ ಮರಗಳಲ್ಲಿ ಬದಲಾವಣೆ ಇರಬಾರದು. ಮೆಜೆಸ್ಟಿಕ್ ಬಸ್ ನಿಲ್ದಾಣ ಎರಡೂ ಅವಧಿಯಲ್ಲಿ ಹಸಿರಲ್ಲದ್ದಾಗಿರಬೇಕು. ಇವು ತಪ್ಪಿದ್ದರೆ ಮುಂದಿನದನ್ನು ನೋಡುವ ಅಗತ್ಯವೇ ಇಲ್ಲ, ಅರ್ಥ್ ಎಂಜಿನ್‌ನಲ್ಲಿ ಬರೆದ ಕೋಡ್‌ಗೆ ಮರಳಿ.

ಹಿಂದಿನ ದಶಕಗಳು

ಲ್ಯಾಂಡ್‌ಸ್ಯಾಟ್ 5 ಹಾರಿದ್ದು 1984ರಲ್ಲಿ. ಅದರ ಚಿತ್ರ ಹುಡುಕುವ ಸಂಖ್ಯೆಗಳಲ್ಲಿ ಬೆಂಗಳೂರು ಪಾಥ್ 144, ರೋ 51. ಹದಿನಾರು ದಿನಕ್ಕೊಮ್ಮೆ ಬರುವುದರಿಂದ ಒಂದು ಬೇಸಿಗೆಗೆ ನಾಲ್ಕು ಚಿತ್ರ ಸಿಕ್ಕರೆ ಪುಣ್ಯ. 75ನೇ ಪರ್ಸೆಂಟೈಲ್‌ಗೆ ಇದು ಸಾಲದು, ಮೀಡಿಯನ್ (ಸಾಲಾಗಿಟ್ಟಾಗ ನಟ್ಟನಡುವೆ ಬರುವ ಮೌಲ್ಯ) ತೆಗೆದುಕೊಳ್ಳಿ, ಹೊಸ ಅವಧಿಗೂ ಮೀಡಿಯನ್ನೇ ಇರಲಿ. 2003ರ ಮೇ 31ರ ನಂತರದ ಲ್ಯಾಂಡ್‌ಸ್ಯಾಟ್ 7 ಚಿತ್ರಗಳಲ್ಲಿ ಸುಮಾರು ನೂರಕ್ಕೆ 22 ಭಾಗ ಪಟ್ಟಿಪಟ್ಟಿಯಾಗಿ ಖಾಲಿ. ಇನ್ನು 2013ರ ಲ್ಯಾಂಡ್‌ಸ್ಯಾಟ್ 8ರ ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ ಕಿರಿದು; ಅದೇ ಮರಕ್ಕೆ ಹಳೆಯ ಉಪಗ್ರಹಗಳಿಗಿಂತ ತುಸು ಹೆಚ್ಚು ಎನ್‌ಡಿವಿಐ ಕೊಡುತ್ತದೆ. ಹಾಗಾಗಿ ಒಂದೇ ಮಿತಿ ಎರಡಕ್ಕೂ ಹೊಂದುವುದಿಲ್ಲ, ನಿಜವಾದ ನಷ್ಟವನ್ನು ಅದು ಮುಚ್ಚಿಹಾಕುತ್ತದೆ. ಒಂಬತ್ತು ಗುಂಟೆಯ ಪಿಕ್ಸೆಲ್‌ಗೆ ಹೌದು-ಇಲ್ಲ ಎಂದು ಹೇಳುವ ಬದಲು ಪಾಲು ಲೆಕ್ಕ ಹಾಕುವುದು ಮೇಲು: ಬರಿ ನೆಲದ ಎನ್‌ಡಿವಿಐ 0.12, ದಟ್ಟ ಮರದ್ದು 0.75 ಇದ್ದರೆ, 0.43 ತೋರುವ ಪಿಕ್ಸೆಲ್‌ನಲ್ಲಿ ಹಸಿರು ಅರ್ಧದಷ್ಟು. ಆ ಎರಡು ತುದಿಯ ಮೌಲ್ಯಗಳನ್ನು ಪ್ರತಿ ಉಪಗ್ರಹಕ್ಕೂ ಬದಲಾಗದ ಜಾಗಗಳಿಂದಲೇ ಹೊಸದಾಗಿ ತೆಗೆಯಬೇಕು.

ಸಿದ್ಧ ನಕ್ಷೆಗಳ ಆಸೆಗೆ ಬೀಳುವವರಿಗೆ ಒಂದು ಎಚ್ಚರಿಕೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ 2020ಕ್ಕೂ 2021ಕ್ಕೂ ಇದೆ, ಆದರೆ ಎರಡನ್ನೂ ಮಾಡಿದ ವಿಧಾನದ ಆವೃತ್ತಿ ಬೇರೆ. ಒಂದರಿಂದ ಒಂದನ್ನು ಕಳೆದರೆ ಸಿಗುವ ಬದಲಾವಣೆಯಲ್ಲಿ ವಿಧಾನದ್ದೆಷ್ಟು, ನೆಲದ್ದೆಷ್ಟು ಎಂದು ಬಿಡಿಸಲಾಗದು.

ಸಂಖ್ಯೆಯ ಜೊತೆಗೆ ಅದರ ಅಂತರ

ನಕ್ಷೆಯ ಪಿಕ್ಸೆಲ್ ಎಣಿಸಿದ ವಿಸ್ತೀರ್ಣವನ್ನು ನೇರವಾಗಿ ಪ್ರಕಟಿಸಬಾರದು. ಲೆಕ್ಕ ತೋರಿಸಲು ಕೆಲವು ಕಾಲ್ಪನಿಕ ಅಂಕಿ ಇಟ್ಟುಕೊಳ್ಳೋಣ. ಒಟ್ಟು 70,000 ಹೆಕ್ಟೇರ್. ನಕ್ಷೆ ಹೇಳುವಂತೆ ನಷ್ಟ 1,400, ಗಳಿಕೆ 600, ಹಸಿರಾಗಿಯೇ ಉಳಿದದ್ದು 18,000, ಹಸಿರಲ್ಲದೆಯೇ ಉಳಿದದ್ದು 50,000. ಪ್ರತಿ ವರ್ಗದೊಳಗೆ ಯಾದೃಚ್ಛಿಕ ಬಿಂದುಗಳನ್ನು ಹಾಕಿ ಹಳೆಯ, ಹೊಸ ಸ್ಪಷ್ಟ ಚಿತ್ರಗಳಲ್ಲಿ ನೋಡಿದಿರಿ. ನಷ್ಟದ 75 ಬಿಂದುಗಳಲ್ಲಿ 54 ನಿಜ. ಹಸಿರು ಉಳಿದಿದೆ ಎಂದ 100ರಲ್ಲಿ 2 ಕಡೆ ವಾಸ್ತವವಾಗಿ ನಷ್ಟ. ಹಸಿರೇ ಇರಲಿಲ್ಲ ಎಂದ 150ರಲ್ಲಿ 1 ಕಡೆ ನಷ್ಟ. ಗಳಿಕೆಯ 50ರಲ್ಲಿ ಯಾವುದೂ ಇಲ್ಲ. ಆಗ ನಷ್ಟದ ಅಂದಾಜು 1,400ರ 0.72 ಪಾಲು, 18,000ದ 0.02 ಪಾಲು, 50,000ದ 150ನೇ ಒಂದು ಪಾಲು: 1,008 + 360 + 333, ಸುಮಾರು 1,700 ಹೆಕ್ಟೇರ್. ಅಂತರ ಲೆಕ್ಕ ಹಾಕಿದರೆ ನೂರಕ್ಕೆ 95ರ ಭರವಸೆಯಲ್ಲಿ ಅತ್ತ 830, ಇತ್ತ 830 ಹೆಕ್ಟೇರ್. ಅಂದರೆ 870ರಿಂದ 2,530ರ ನಡುವೆ ಎಲ್ಲಿಯೂ ಇರಬಹುದು.

ಇಷ್ಟು ಅಗಲವಾಗಲು ಮುಖ್ಯ ಕಾರಣ ‘ಹಸಿರೇ ಇರಲಿಲ್ಲ’ ಎಂದ ವರ್ಗದ ಆ ಒಂದೇ ಬಿಂದು. 50,000 ಹೆಕ್ಟೇರ್‌ನ ದೊಡ್ಡ ವರ್ಗದಲ್ಲಿ ತಪ್ಪಿದ ಒಂದು ಬಿಂದು 333 ಹೆಕ್ಟೇರ್ ಹೊತ್ತು ತರುತ್ತದೆ. ಪರಿಹಾರವಿದೆ: ನಷ್ಟದ ತೇಪೆಗಳ ಸುತ್ತ 20–30 ಮೀಟರ್ ಪಟ್ಟಿಯನ್ನೂ ಅನಿಶ್ಚಿತ ಪಿಕ್ಸೆಲ್‌ಗಳನ್ನೂ ಪ್ರತ್ಯೇಕ ವರ್ಗ ಮಾಡಿ ಅಲ್ಲಿ ಹೆಚ್ಚು ಬಿಂದು ಹಾಕಿ. ತಪ್ಪಿಹೋದ ನಷ್ಟ ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ, ಉಳಿದ ದೊಡ್ಡ ವರ್ಗ ಶುದ್ಧವಾಗುತ್ತದೆ, ಅಂತರ ಕುಗ್ಗುತ್ತದೆ. ಬಿಂದು ನೋಡುವ ಕೆಲಸವನ್ನು ಇಬ್ಬರು ಪ್ರತ್ಯೇಕವಾಗಿ ಮಾಡಬೇಕು, ನಕ್ಷೆ ಏನು ಹೇಳುತ್ತದೆ ಎಂಬುದು ಇಬ್ಬರಿಗೂ ಕಾಣಬಾರದು.

ಉಪಗ್ರಹದಿಂದ ಮರದ ಸಂಖ್ಯೆ ಹೇಳಲು ಹೋಗಬೇಡಿ. ಮರಗಣತಿ ಬೇರೆಯೇ ಕೆಲಸ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅದನ್ನು ವೃಕ್ಷ ಪ್ರಾಧಿಕಾರದ ಕರ್ತವ್ಯವೆಂದೇ ಹೇಳುತ್ತದೆ. ವೃಕ್ಷಾಧಿಕಾರಿಗೆ ಆಕ್ಷೇಪಣೆ ಕೊಡುವಾಗ ಊರಿನ ಒಟ್ಟು ಶೇಕಡಾವಾರಿಗಿಂತ ನಿರ್ದಿಷ್ಟ ತೇಪೆಗಳ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ: ಪ್ರತಿ ತೇಪೆಯ ಅಕ್ಷಾಂಶ-ರೇಖಾಂಶ, ಎಷ್ಟು ಗುಂಟೆ, ಹಸಿರು ಕೊನೆಯದಾಗಿ ಕಂಡ ಚಿತ್ರದ ದಿನಾಂಕ, ಮೊದಲು ಕಾಣದಾದ ಚಿತ್ರದ ದಿನಾಂಕ, ಜಾಗಕ್ಕೆ ಹೋಗಿ ತೆಗೆದ ಫೋಟೊ. ಬಳಸಿದ ಗಡಿಯ ಕಡತ, ತಿಂಗಳು, ಮಿತಿ ಮತ್ತು ಕೋಡನ್ನೂ ಲಗತ್ತಿಸಿ, ಇನ್ನೊಬ್ಬರು ಅದನ್ನೇ ಓಡಿಸಿ ನೋಡಲಿ.